ತುಂಬಿದ ಬಟ್ಟಲು

ಇಂಗ್ಲಿಷ್ ತರಗತಿಯ ಬಿಳಿ ಹಲಗೆಯ ಎಡಗಡೆ ‘ಚೈಲ್ಡ್‌ಲೈಕ್’ ಎಂದೂ ಬಲಗಡೆ ‘ಚೈಲ್ಡಿಶ್’ ಎಂದೂ ಬರೆದು ನಡುವೆ ಗೆರೆ ಎಳೆಯಹೋದ ಸುರಯ್ಯಾಳ ಕೈ ಅರ್ಧಕ್ಕೇ ನಿಂತುಬಿಟ್ಟಿತು. ಮತ್ತೆ ಎಳೆದಾಗ ಗೆರೆ ನೆಟ್ಟಗಿಳಿಯದೆ ಎಡಕ್ಕೆ ವಾಲಿತು. “ಓಪಾ, ನಿಮ್ಮ ಗೆರೆ ಬೆಳಿಗ್ಗೆ ಬೆಳಿಗ್ಗೆನೇ ಕುಡಿದು ಬಂದಿದೆ,” ಎಂದ ಹಿಂದಿನ ಬೆಂಚಿನ ಇಲ್ಹೋಮ್. ಅಕ್ಕನನ್ನೂ ಟೀಚರನ್ನೂ ಅಲ್ಲಿ ‘ಓಪಾ’ ಎಂದೇ ಕರೆಯುವುದು. ಎಲ್ಲರೂ ನಕ್ಕರು. ಸುರಯ್ಯಾಳೂ ನಗಬೇಕಿತ್ತು. ನಗುವ ಬದಲು ಗೆರೆಯನ್ನು ಅಂಗೈಯಿಂದಲೇ ಒರೆಸಿದಳು, ಅಂಗೈ ನೀಲಿಯಾಯಿತು. ಎರಡೂ ಮಗುವಿನಿಂದಲೇ ಹುಟ್ಟಿದ ಮಾತುಗಳು, ಎಂದು ಅವಳು ಹೇಳತೊಡಗಿದಳು. ಮಗುವಿನ ಮನಸ್ಸಿನವರನ್ನು ಮೆಚ್ಚಿ ಹೇಳಿದರೆ ಮೊದಲನೆಯದು, ದೊಡ್ಡವರಾಗಿಯೂ ಹುಡುಗಾಟ ಬಿಡದವರನ್ನು ಬೈದು ಹೇಳಿದರೆ ಎರಡನೆಯದು. ಎದುರಿಗಿರುವ ಮನುಷ್ಯ ಒಬ್ಬನೇ ಇರಬಹುದು, ಅವನು ಮಾಡಿದ್ದೂ ಒಂದೇ ಇರಬಹುದು, ಯಾವ ಮಾತು ಬರುತ್ತದೆ ಎನ್ನುವುದು ಹೇಳುವವರ ಹೊಟ್ಟೆಯೊಳಗೆ ಏನಿದೆ ಎನ್ನುವುದರ ಮೇಲೆ. ಈ ಕೊನೆಯ ಮಾತು ಪುಸ್ತಕದಲ್ಲಿರಲಿಲ್ಲ. ಮುಂದಿನ ಬೆಂಚಿನ ಬರ್ನಾ ಅದನ್ನೂ ಬರೆದುಕೊಂಡಳು.

ನಿನ್ನೆ ಮಧ್ಯಾಹ್ನ ಆ ಇಬ್ಬರು ಹೆಂಗಸರು ಬಂದಾಗ ಮನೆಯಲ್ಲಿ ಅವಳೊಬ್ಬಳೇ ಇದ್ದಳು. ಅಮ್ಮ ಮದುವೆ ಮನೆಯೊಂದಕ್ಕೆ ಹಿಟ್ಟು ಲಟ್ಟಿಸಲು ಹೋಗಿದ್ದಳು. ಬಂದವರು ಯಾರೆಂದು ಕೇಳಬೇಕಾಗಿರಲಿಲ್ಲ. ಹೊಸ್ತಿಲು ದಾಟುವಾಗಲೇ ಅಂಗಳ ಗುಡಿಸಿದೆಯೇ ಎಂದು ಕಣ್ಣಾಡಿಸುವ, ಬಾಗಿಲ ಬಳಿಯ ಚಪ್ಪಲಿಗಳ ಸಾಲನ್ನು ಎಣಿಸಿದಂತೆ ನೋಡುವ ಹೆಂಗಸರು ಶರತ್ಕಾಲ ಬಂತೆಂದರೆ ಮರ್ಗಿಲಾನ್ ಊರಿನ ಓಣಿಗಳಲ್ಲೆಲ್ಲ ಓಡಾಡುತ್ತಾರೆ. ಹೆಣ್ಣು ನೋಡಿದ ಮೇಲೆ ಹೆಣ್ಣಿನ ಮನೆಯ ಎಡ ಬಲದ ಮನೆಗಳಲ್ಲಿ ವಿಚಾರಿಸುವುದು ಪದ್ಧತಿ. ಕೇಳಿದವರಿಗೆ ಕೊಡುವ ಉತ್ತರವೂ ಪದ್ಧತಿಯದೇ: ‘ಬಂಗಾರದಂಥ ಹುಡುಗಿ’. ಓಣಿಯ ಹುಡುಗಿಯರೆಲ್ಲ ಬಂಗಾರವೇ. ಹಾಗಲ್ಲವೆಂದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಬಂದವರು ತೂಗಿ ನೋಡುವುದು ಆ ಮಾತನ್ನಲ್ಲ. ಕೇಳಿದ್ದಕ್ಕೂ ಹೇಳಿದ್ದಕ್ಕೂ ನಡುವೆ ಎಷ್ಟು ಹೊತ್ತು ಹಿಡಿಯಿತು, ಅದನ್ನು. ಇದು ಸುರಯ್ಯಾಳಿಗೂ ಗೊತ್ತಿತ್ತು. ಗೊತ್ತಿದ್ದೂ, ದ್ರಾಕ್ಷಿ ಚಪ್ಪರದ ಕೆಳಗಿನ ಮರದ ಜಗಲಿಯ ಮೇಲೆ ಅವರನ್ನು ಕೂರಿಸಿ, ರೊಟ್ಟಿ ಮುರಿದಿಟ್ಟು, ಹಿಡಿಯಿಲ್ಲದ ಬಟ್ಟಲಿಗೆ ಹಸಿರು ಚಹಾ ಬಗ್ಗಿಸುತ್ತಿದ್ದಾಗ ಇಬ್ಬರಲ್ಲಿ ಹಿರಿಯಳು, ಹುಡುಗನ ತಾಯಿ, ಚಿಕ್ಕಮ್ಮ ಎಂಬರ್ಥದಲ್ಲಿ ಎಲ್ಲರೂ ಖೋಲಾ ಎನ್ನುವ ಮಾಸ್ತುರಾ ಖೋಲಾ, “ಪಕ್ಕದ ಮನೆ ಶಹ್ಲಾ ಹೇಗೆ ಮಗಳೇ, ಸ್ವಭಾವದಲ್ಲಿ?” ಎಂದು ಕೇಳಿದೊಡನೆ ಸುರಯ್ಯಾಳ ಕಣ್ಣೆದುರು ಬಂಗಾರ ಬರಲಿಲ್ಲ, ಶಹ್ಲಾಳೇ ಬಂದಳು. ಓಣಿಯ ಮಕ್ಕಳ ಜೊತೆ ಹಗ್ಗ ಜಿಗಿಯುತ್ತಾ ತಲೆವಸ್ತ್ರ ಹೆಗಲಿಗೆ ಜಾರಿದ್ದರೂ ಲಕ್ಷ್ಯವಿಲ್ಲದ, ಗೂಡಿನಿಂದ ಬಿದ್ದ ಪಾರಿವಾಳದ ಮರಿಗೆ ಇಡೀ ದಿನ ಅತ್ತು ಸಂಜೆ ಅದನ್ನು ಮರೆತು ಸಿನಿಮಾ ಹಾಡು ಹೇಳಿದ ಶಹ್ಲಾ. ಮಗುವಿನಂಥವಳು, ಎನ್ನಿಸಿತು. ಎನ್ನಿಸಿದೊಡನೆ, ವರ್ಷಗಟ್ಟಲೆ ಮಾಡಿದ ಕೆಲಸದ ಅಭ್ಯಾಸವೋ ಏನೋ, ಎರಡರಲ್ಲಿ ಯಾವುದು, ಎಂದು ತಲೆ ತೂಗತೊಡಗಿತು. ತಲೆ ತೂಗುತ್ತಿದ್ದಷ್ಟು ಹೊತ್ತೂ ಕೈ ಚಹಾ ಬಗ್ಗಿಸುತ್ತಲೇ ಇತ್ತು.

ಮೂರು ಬೆರಳಿನಿಂದ ಮಣಿಕಟ್ಟಿಗೆ ಬಿದ್ದ ಒಂದು ಪೆಟ್ಟು ಅವಳಿಗೆ ಈಗಲೂ ನೆನಪಿದೆ. ಚಿಕ್ಕವಳಿದ್ದಾಗ ಮಾವ ಬಂದಿದ್ದ, ಅವನ ಮೇಲಿನ ಪ್ರೀತಿಗೆ ಅವಳು ಅವನ ಬಟ್ಟಲನ್ನು ಅಂಚಿನವರೆಗೆ ತುಂಬಿಸಿದ್ದಳು. ಅಮ್ಮ ಫಟ್ಟನೆ ಹೊಡೆದು, “ಬಂದವರನ್ನ ಓಡಿಸ್ತೀಯೇನೇ?” ಎಂದಿದ್ದಳು. ಅರ್ಧಕ್ಕಿಂತ ಕಡಿಮೆ ಹಾಕಿದರೆ, ಕೂತಿರಿ, ಮತ್ತೆ ಮತ್ತೆ ಹಾಕಿ ಕೊಡುತ್ತೇನೆ, ನಿಮ್ಮ ಬಟ್ಟಲನ್ನು ನೋಡಿಕೊಳ್ಳುವುದೇ ನನ್ನ ಕೆಲಸ ಎಂದ ಹಾಗೆ. ತುಂಬಿಸಿ ಕೊಟ್ಟರೆ, ಇದನ್ನು ಕುಡಿದು ಎದ್ದು ಹೋಗಿ ಎಂದ ಹಾಗೆ. ಮಾವ ನಗುತ್ತಾ ಆ ಬಟ್ಟಲನ್ನು ಖಾಲಿ ಮಾಡಿ, “ಹೊರಟೆನಪ್ಪ, ನನ್ನ ಸೊಸೆ ಹೊರಡು ಅಂದ ಮೇಲೆ ಇನ್ನೇನು,” ಎಂದು ಎದ್ದು ನಿಂತು ಅವಳನ್ನು ಅಳಿಸಿದ್ದ. ನಿನ್ನೆ ಯಾರೂ ಹೊಡೆಯಲಿಲ್ಲ, ಯಾರೂ ನಗಲೂ ಇಲ್ಲ. ಮಾಸ್ತುರಾ ಖೋಲಾ ಬಟ್ಟಲನ್ನು ನೋಡಿದಳು, ಅವಳನ್ನು ನೋಡಿದಳು, ಜೊತೆಯವಳ ಕಡೆ ಕಣ್ಣು ತಿರುಗಿಸಿದಳು. “ಓ,” ಎಂದಳು, ಅಷ್ಟೇ. ಬಟ್ಟಲನ್ನು ಒಂದು ಹನಿ ಚೆಲ್ಲದೆ ಎತ್ತಿ, ತುಟಿಗೆ ಮುಟ್ಟಿಸಿ, ಕೆಳಗಿಟ್ಟು, ಏಳುವ ಮುನ್ನಿನ ಪ್ರಾರ್ಥನೆಗೆ ಎರಡೂ ಅಂಗೈಗಳನ್ನು ಮುಖದ ಮೇಲೆ ಆಡಿಸಿಕೊಂಡು, “ಅಮ್ಮನಿಗೆ ಸಲಾಂ ಹೇಳು ಮಗಳೇ,” ಎಂದು ಎದ್ದಳು. ಬಾಗಿಲವರೆಗೂ ಹಿಂದೆಯೇ ಹೋದ ಸುರಯ್ಯಾ ತಡೆಯಲಿಲ್ಲ. ಹಿಂದಿರುಗಿ ಬಂದಾಗ ಜಗಲಿಯ ಮೇಲೆ ಬಟ್ಟಲು ಹಾಗೇ ತುಂಬಿಕೊಂಡು ಕೂತಿತ್ತು, ಅದರಲ್ಲಿ ಒಂದು ದ್ರಾಕ್ಷಿ ಎಲೆಯ ನೆರಳು ಅಲ್ಲಾಡುತ್ತಿತ್ತು. ಆಗ ಅವಳು, “ಬಂಗಾರದಂಥ ಹುಡುಗಿ,” ಎಂದಳು. ಗಟ್ಟಿಯಾಗಿಯೇ ಎಂದಳು.

“ಓಪಾ, ಮುಂದಿನದು?” ಬರ್ನಾ ಕೇಳುತ್ತಿದ್ದಳು. ಹಲಗೆಯ ಮೇಲೆ ಒರೆಸಿದ ಗೆರೆಯ ಮಸುಕು ಉಳಿದಿತ್ತು. ಕಿಟಕಿಯಾಚೆ ಯಾರೋ ರೇಷ್ಮೆಗೂಡು ಬೇಯಿಸುತ್ತಿದ್ದರು, ಆ ಹಸಿ ವಾಸನೆ ತರಗತಿಯ ತುಂಬ ಇತ್ತು. ಪಾಠ ಮುಂದುವರಿಯಬೇಕು, ಈ ಮಕ್ಕಳು ದುಡ್ಡು ಕೊಟ್ಟು ಬಂದವರು. ಅವಳು ಪುಸ್ತಕದ ಹಾಳೆ ತಿರುವಿದಳು, ತಿರುವಿದ ಹಾಳೆಯಲ್ಲಿ ಏನಿದೆಯೆಂದು ನೋಡುವ ಮೊದಲೇ ಇಂದು ಬೆಳಿಗ್ಗೆ ಮನೆಗೆ ಬಂದಿದ್ದ ಶಹ್ಲಾ ಕಣ್ಣೆದುರು ಬಂದಳು.

ಎರಡು ಮನೆಗಳ ಅಂಗಳಗಳ ನಡುವಿನ ಮಣ್ಣಿನ ಗೋಡೆಯಲ್ಲಿ ಬಗ್ಗಿ ಬರಬೇಕಾದ ಒಂದು ಸಣ್ಣ ಬಾಗಿಲಿದೆ. ಅಜ್ಜಿಯರ ಕಾಲದಿಂದ ಆ ಬಾಗಿಲಲ್ಲಿ ತಟ್ಟೆಗಳು ಹೋಗಿ ಬರುತ್ತಿವೆ. ಅಲ್ಲಿಂದ ಬಂದ ತಟ್ಟೆ ಖಾಲಿ ಹೋಗುವಂತಿಲ್ಲ, ಇಲ್ಲಿಂದ ಹೋದದ್ದೂ ಖಾಲಿ ಬರುವಂತಿಲ್ಲ, ಹೀಗಾಗಿ ಲೆಕ್ಕ ಎಂದೂ ಮುಗಿದಿಲ್ಲ. ಶಹ್ಲಾ ಮಾತ್ರ ತಟ್ಟೆ ಇಲ್ಲದೆಯೂ ಬರುವವಳು. ಬೆಳಿಗ್ಗೆಯೂ ಹಾಗೇ ಬಂದಳು, ಮುಖ ತೊಳೆದಿರಲಿಲ್ಲ, ಕೈಯಲ್ಲಿ ಕಚ್ಚಿದ ಸೇಬು.

“ಕೇಳಿದ್ಯಾ? ಕೈಕೊಟ್ರು.”

“ಯಾರು?”

“ಇನ್ಯಾರು, ನನ್ನ ಐಸ್‌ಕ್ರೀಂ ಕುಡುಕ. ಅವರಮ್ಮ ಈಗಷ್ಟೇ ಫೋನ್ ಮಾಡಿದ್ಲು. ಹುಡುಗನಿಗೆ ಸದ್ಯಕ್ಕೆ ಆತುರ ಇಲ್ವಂತೆ. ನಿನ್ನೆವರೆಗೂ ಇತ್ತಪ್ಪ ಆತುರ, ಬೆಳಗಾಗೋದ್ರಲ್ಲಿ ಎಲ್ಲಿ ಕಳ್ಕೊಂಡ್ರೋ!”

ಆ ಹುಡುಗ ರೈಲ್ವೆಯಲ್ಲಿ ಫಿಟ್ಟರ್. ದೊಡ್ಡವರ ಒಪ್ಪಿಗೆಯಿಂದ ಒಂದೇ ಒಂದು ಸಲ ಇಬ್ಬರೂ ಐಸ್‌ಕ್ರೀಂ ಅಂಗಡಿಯಲ್ಲಿ ಎದುರುಬದುರು ಕೂತಿದ್ದರು. ಬಟ್ಟಲಲ್ಲಿದ್ದದ್ದೆಲ್ಲ ಕರಗಿ ನೀರಾಗುವವರೆಗೂ ಅವನು ಬಾಯಿ ಬಿಟ್ಟಿರಲಿಲ್ಲ, ಆಮೇಲೆ ಬಟ್ಟಲೆತ್ತಿ ಗಟಗಟ ಕುಡಿದು, ‘ನಿಮ್ಮದೂ ಕರಗಿದೆ’ ಎಂದಿದ್ದ. ಅದನ್ನು ಶಹ್ಲಾ ವಾರವಿಡೀ ಹೇಳಿದ್ದಳು, ಪ್ರತಿ ಸಲವೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು, ಪ್ರತಿ ಸಲವೂ ಕೊನೆಗೆ ಅವಳ ಕಣ್ಣು ಎಲ್ಲೋ ಹೋಗಿ ನಿಲ್ಲುತ್ತಿತ್ತು. ಇಂಥವನ ಜೊತೆ ಬಾಳಬಹುದು ಕಣೇ, ಎಂದಿದ್ದಳು.

“ಅಮ್ಮ ಹೇಳ್ತಾಳೆ ಇದು ನಮ್ಮ ಆಚೆ ಪಕ್ಕದ ಮನೆ ಕುಮ್ರಿ ಖೋಲಾ ಕೆಲಸ ಅಂತ. ಅವಳ ನಾಲಿಗೆಗೆ ನಿದ್ದೆ ಎಲ್ಲಿದೆ? ಅಮ್ಮ ಫೋನ್ ಇಟ್ಟಾಗಿಂದ ಗೋಡೆಗೆ ಕೇಳೋ ಹಾಗೆ ಶಾಪ ಹಾಕ್ತಿದಾಳೆ. ಅಂದ ಹಾಗೆ, ನಿಮ್ಮನೆಗೂ ಬಂದಿದ್ರಂತಲ್ಲ? ನೀನೇನು ಹೇಳ್ದೆ?”

“ಬಂಗಾರ ಅಂದೆ.”

ಸುಳ್ಳಲ್ಲ. ಅಂದದ್ದು ನಿಜ. ಸುರಯ್ಯಾ ಚೀಲಕ್ಕೆ ಪುಸ್ತಕ ತುಂಬಿಸುತ್ತಾ ಅಂದಳು, ಪುಸ್ತಕ ತಲೆಕೆಳಗಾಗಿತ್ತು, ತೆಗೆದು ಮತ್ತೆ ಸರಿಯಾಗಿ ಇಟ್ಟಳು.

“ನೋಡು, ನೀನೊಬ್ಳಾದ್ರೂ,” ಎಂದು ಶಹ್ಲಾ ಸೇಬಿನ ಅಂಟಿನ ಕೈಯನ್ನು ಅವಳ ಕೆನ್ನೆಗೆ ಒತ್ತಿದಳು. ನಕ್ಕಳು. ತನ್ನ ನಗು ಅರ್ಧದಲ್ಲಿ ತನಗೇ ಕೇಳಿಸಿತೇನೋ ಎಂಬಂತೆ ಅವಳ ಇನ್ನೊಂದು ಕೈ ಮೇಲೆದ್ದು ಬಾಯಿಗೆ ಅಡ್ಡ ಬಂತು. ಬೆರಳುಗಳ ಸಂದಿಯಿಂದ, “ನಾನು ಗಟ್ಟಿಯಾಗಿ ನಗ್ತೀನಿ ಅಂತಾನೇ ಇರ್ಬೇಕು, ಅಲ್ವಾ? ಅಮ್ಮ ಚಿಕ್ಕಂದಿನಿಂದ ಹೇಳ್ತಾನೇ ಇದ್ಲು,” ಎಂದಳು. ಶಹ್ಲಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕದ್ದನ್ನು ಸುರಯ್ಯಾ ಅದುವರೆಗೆ ನೋಡಿರಲಿಲ್ಲ. ಓಣಿಯ ಹುಡುಗಿಯರೆಲ್ಲ ಹಾಗೇ ನಗುತ್ತಾರೆ, ಸುರಯ್ಯಾ ಕೂಡ. ಶಹ್ಲಾಳ ಕೈ ಮಾತ್ರ ಆ ಕೆಲಸ ಕಲಿತಿರಲಿಲ್ಲ. ಇವತ್ತು ಕಲಿಯಿತು.

ತಿರುವಿದ ಹಾಳೆಯಲ್ಲಿದ್ದದ್ದು ಎಡಗಡೆ ‘ಎನ್ವಿಯಸ್’, ಬಲಗಡೆ ‘ಜೆಲಸ್’. ಹಾಳೆಯನ್ನು ಇನ್ನೊಮ್ಮೆ ತಿರುವಿಬಿಡಬಹುದಿತ್ತು. ಬರ್ನಾ ಆಗಲೇ ಓದಿಯಾಗಿತ್ತು. ಸುರಯ್ಯಾ ಹಲಗೆಗೆ ಬೆನ್ನು ಹಾಕಿ ನಿಂತು, ಬರೆಯದೆ, ಬಾಯಲ್ಲೇ ಹೇಳಿದಳು: ಇನ್ನೊಬ್ಬರ ಹತ್ತಿರ ಇರುವುದು ನನಗೆ ಬೇಕು ಅನ್ನಿಸಿದರೆ ಎನ್ವಿಯಸ್. ನನ್ನ ಹತ್ತಿರ ಇರುವುದನ್ನು ಇನ್ನೊಬ್ಬರು ಒಯ್ದುಬಿಟ್ಟಾರು ಎಂಬ ಭಯ ಹುಟ್ಟಿದರೆ ಜೆಲಸ್. ಮಾತಿನಲ್ಲಿ ಜನ ಎರಡನ್ನೂ ಕಲಸಿಬಿಡುತ್ತಾರೆ, ನಾವು ಬೇರೆ ಮಾಡಿ ಕಲಿಯೋಣ.

“ಪಕ್ಕದ ಮನೆಯವನು ಹೊಸ ಕಾರು ತಗೊಂಡ, ನನ್ನ ಹತ್ರ ಸೈಕಲ್ ಇದೆ. ನಾನು ಯಾವುದು ಓಪಾ?” ಎಂದ ಇಲ್ಹೋಮ್.

“ಎನ್ವಿಯಸ್.”

“ಅದೇ ಕಾರಲ್ಲಿ ಅವನು ನನ್ನ ಹುಡುಗೀನ ಕೂರಿಸ್ಕೊಂಡು ಹೋದ್ರೆ?”

“ಜೆಲಸ್.”

“ಎರಡೂ ಒಟ್ಟಿಗೇ ಆದ್ರೆ?”

“ಸೈಕಲ್ಲಿಗೆ ಗಾಳಿ ಹಾಕಿಸ್ಕೊಂಡು ಹಿಂದೆ ಓಡು,” ಎಂದಳು ಬರ್ನಾ. ನಗು ನಿಂತ ಮೇಲೆ ಅವಳೇ ಮತ್ತೆ, “ಓಪಾ, ಹವಸ್‌ಗೆ ಇಂಗ್ಲಿಷಲ್ಲಿ ಏನಂತಾರೆ?” ಎಂದು ಕೇಳಿದಳು. ಇನ್ನೊಬ್ಬರ ಒಳಿತನ್ನು ಕಂಡು, ಅವರದ್ದು ಅವರಿಗೇ ಇರಲಿ, ನನಗೂ ಅಂಥದ್ದೊಂದು ಬರಲಿ ಎಂದುಕೊಳ್ಳುವ, ವಿಷವಿಲ್ಲದ ಆಸೆ ಹವಸ್. ಯಾರದೇ ಹೊಸ ಮನೆ, ಹೊಸ ಸೊಸೆ, ಹೊಸ ಬಳೆ ನೋಡಿದರೂ ಮರ್ಗಿಲಾನಿನವರು ತಕ್ಷಣ ‘ಹೊಟ್ಟೆಕಿಚ್ಚಲ್ಲ, ಹವಸ್’ ಎಂದು ಹೇಳಿಯೇ ಮುಂದೆ ಮಾತಾಡುವುದು. ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ, ಎಂದಳು ಸುರಯ್ಯಾ.

“ಪಾಪ ಅವರು!” ಎಂದ ಇಲ್ಹೋಮ್. “ಹೊಟ್ಟೆಕಿಚ್ಚಿಗೆ ಎರಡೆರಡು ಇಟ್ಕೊಂಡಿದಾರೆ, ಒಳ್ಳೇದಕ್ಕೆ ಒಂದೂ ಇಲ್ಲ.”

“ಆ ಎರಡರಲ್ಲಿ ಯಾವುದು ಹೆಚ್ಚು ಪಾಪ, ಓಪಾ?” ಬರ್ನಾಳ ಪೆನ್ನು ಕಾಯುತ್ತಿತ್ತು.

ರಾತ್ರಿಯೆಲ್ಲ ಸುರಯ್ಯಾ ತನ್ನನ್ನು ಎಡಗಡೆಯ ಮಾತಿನಿಂದ, ಎನ್ವಿಯಸ್ ಎಂದೇ ಬೈದುಕೊಂಡಿದ್ದಳು. ಹೊಟ್ಟೆಕಿಚ್ಚಿನವಳು, ಗೆಳತಿಯ ಮದುವೆ ನೋಡಲಾರದವಳು, ವಯಸ್ಸು ಮೀರುತ್ತಿರುವವಳು. ಹಾಗೆ ಬೈದುಕೊಳ್ಳುವುದರಲ್ಲಿ ಒಂದು ನೆಮ್ಮದಿಯೂ ಇತ್ತು, ಓಣಿಯವರು ಏನೆನ್ನುತ್ತಿದ್ದರೋ ಅದನ್ನೇ ತಾನೂ ಅಂದುಕೊಂಡ ನೆಮ್ಮದಿ. ಈಗ ಬರ್ನಾಳ ಪೆನ್ನಿನ ಎದುರು ನಿಂತು ಅವಳು ಆ ಮಾತನ್ನು ಪಾಠದ ಮಾತನ್ನು ಪರೀಕ್ಷಿಸುವ ಹಾಗೆ ತಿರುಗಿಸಿ ನೋಡಿದಳು. ಆ ಫಿಟ್ಟರ್ ನನಗೆ ಬೇಕೇ? ಫೋನಿನಲ್ಲಿ ಶಹ್ಲಾ ತೋರಿಸಿದ ಫೋಟೋದಲ್ಲಿ ಕಿವಿ ಬಿಟ್ಟರೆ ಬೇರೆ ಏನೂ ನೆನಪಿಲ್ಲ. ಹಾಗಾದರೆ ನನ್ನನ್ನೂ ಯಾರಾದರೂ ಬಂದು ಕೇಳಲಿ ಎಂಬ ಆಸೆಯೇ? ಹೋದ ವರ್ಷ ಒಬ್ಬರು ಬಂದಿದ್ದರು, ‘ಇಷ್ಟು ಓದಿದ ಸೊಸೆಗೆ ನೀರು ತಾ ಅಂತ ಹೇಗೆ ಹೇಳೋದಮ್ಮ’ ಎಂದು ಹೊರಟುಹೋಗಿದ್ದರು. ಅಮ್ಮ ಅತ್ತಳು, ಇವಳಿಗೆ ಒಳಗೆಲ್ಲೋ ಬಿಗಿ ಸಡಿಲಿತ್ತು, ಅಂದು ಸಂಜೆ ಶಹ್ಲಾ ಸಣ್ಣ ಬಾಗಿಲಿಂದ ಬಂದು ಆ ಹೆಂಗಸಿನ ನಡಿಗೆಯನ್ನು ಅಣಕಿಸಿ ನಗಿಸಿದ್ದಳು. ಸಣ್ಣ ಬಾಗಿಲು. ಶಹ್ಲಾ ಹೋದ ಮೇಲೂ ಆ ಬಾಗಿಲಲ್ಲಿ ತಟ್ಟೆಗಳು ಬರುತ್ತವೆ. ಕುಂಬಳದ ಸಮೋಸ ಬರುತ್ತದೆ, ಹಬ್ಬದ ಹಲ್ವ ಬರುತ್ತದೆ. ಬಗ್ಗಿ ಬರುವವರು ಇರುವುದಿಲ್ಲ. ನಿನ್ನೆ ಚಹಾ ಬಗ್ಗಿಸುತ್ತಿದ್ದ ಕೈ ತೂಗುತ್ತಿದ್ದದ್ದು ಶಹ್ಲಾಳನ್ನು ಅಲ್ಲವೇ ಅಲ್ಲ. ಆ ಕೈ, ಅವಳನ್ನು ಒಯ್ಯಲು ಬಂದ ಇಬ್ಬರಿಗೆ ಎದ್ದು ಹೋಗಿ ಎಂದಿತ್ತು. ಬಲಗಡೆಯ ಮಾತು, ಜೆಲಸ್! ಅವಳ ಭಾಷೆಯಲ್ಲಿ ಅದು ಗಂಡಹೆಂಡಿರ ನಡುವೆ ಆಡುವ ಮಾತು. ಒಬ್ಬ ಹುಡುಗಿ ಇನ್ನೊಬ್ಬ ಹುಡುಗಿಗಾಗಿ ಆಡಿದರೆ ಕೇಳಿದವರು ನಕ್ಕಾರು, ಇಲ್ಲವೇ ನಗದೆ ದೂರ ಸರಿದಾರು. ಇಷ್ಟು ವರ್ಷ ಅದನ್ನು ಹಲಗೆಯ ಮೇಲೆ ಬರೆದು ಒರೆಸುತ್ತಾ ಬಂದವಳಿಗೆ ಅದು ತನಗೂ ಒದಗುವ ಮಾತೆಂದು ಹೊಳೆದಿರಲಿಲ್ಲ. ಬೇರೆಯವರ ಭಾಷೆಯಲ್ಲಿ ತನ್ನ ಹೆಸರು ಸಿಕ್ಕಂತಾಗಿ ಅವಳಿಗೆ ಮೈ ಬಿಸಿಯಾಯಿತು, ಕೂಡಲೇ ನಾಚಿಕೆಯಾಯಿತು.

“ಗೊತ್ತಿಲ್ಲ ಬರ್ನಾ,” ಎಂದಳು. “ಇವತ್ತಿಗೆ ಇಷ್ಟು ಸಾಕು.”

ಮಾಸ್ತುರಾ ಖೋಲಾ ಬಜಾರಿನಲ್ಲಿ ರೇಷ್ಮೆ ಬಟ್ಟೆ ಮಾರುತ್ತಾಳೆಂದು ಶಹ್ಲಾಳೇ ಹೇಳಿದ್ದಳು. ಗಂಡಿನ ಮನೆಯ ಬಾಗಿಲಿಗೆ ಒಬ್ಬ ಮದುವೆಯಾಗದ ಹುಡುಗಿ ಹೋಗಿ ನಿಲ್ಲುವುದು ಸಾಧ್ಯವೇ ಇಲ್ಲ. ಅಂಗಡಿಗೆ ಯಾರು ಬೇಕಾದರೂ ಹೋಗಬಹುದು. ಇಷ್ಟು ಯೋಚನೆ ಮಾಡಿಕೊಂಡು ಹೋದ ಸುರಯ್ಯಾ ಬಜಾರಿನ ಸಾಲಿನಲ್ಲಿ ಎರಡು ಸಲ ಆ ಅಂಗಡಿಯನ್ನು ದಾಟಿ ಹೋದಳು. ಮೂರನೇ ಸಲ ಮಾಸ್ತುರಾ ಖೋಲಾಳೇ ಕರೆದಳು.

“ಬಾ ಮಗಳೇ, ಬಾ, ನೋಡೋಕೆ ದುಡ್ಡು ಕೊಡಬೇಕಾಗಿಲ್ಲ. ಈ ಹಳದಿ ನೋಡು, ನಿನ್ನಂಥ ತೆಳ್ಳಗಿನ ಮೈಗೆ ಹೇಳಿ ನೇಯಿಸಿದ ಹಾಗಿದೆ.” ಗುರುತು ಸಿಕ್ಕಿರಲಿಲ್ಲ. ಹಳದಿ, ಹಸಿರು, ಕಪ್ಪು ಕಲಸಿಕೊಂಡ ಬಟ್ಟೆ ಅವಳ ಹೆಗಲ ಮೇಲೆ ಬಂದು ಬಿತ್ತು. ತೆಳ್ಳಗೆ. ಮಾರುವವಳ ಬಾಯಲ್ಲಿ ಇದು ‘ಸ್ಲಿಮ್’, ಕೊಳ್ಳದೆ ಹೋದರೆ ಬೆನ್ನ ಹಿಂದೆ ‘ಸ್ಕಿನ್ನಿ’ ಆಗುತ್ತದೆ, ಎಂದು ತಲೆ ತನ್ನ ಪಾಡಿಗೆ ತಾನು ವಿಂಗಡಿಸುತ್ತಿತ್ತು, ಅದನ್ನು ಯಾರಾದರೂ ಕಿತ್ತು ಎಸೆದರೆ ಸಾಕೆನ್ನಿಸಿತು. ಅಷ್ಟರಲ್ಲಿ ಬಟ್ಟೆ ಸರಿಪಡಿಸುತ್ತಿದ್ದ ಕೈ ನಿಂತಿತು.

“ನೀನು... ಆ ಓಣಿಯ ಟೀಚರಲ್ವಾ?”

“ಹೌದು ಖೋಲಾ.”

ಮಾಸ್ತುರಾ ಖೋಲಾ ಬಟ್ಟೆಯನ್ನು ಅವಳ ಹೆಗಲಿಂದ ತೆಗೆದು ಮಡಿಸತೊಡಗಿದಳು, ಅಂಚಿಗೆ ಅಂಚು ಕೂಡಿಸಿ, ನಿಧಾನವಾಗಿ. ಪಕ್ಕದಲ್ಲೇ ಪಿಂಗಾಣಿ ಕೆಟಲ್, ಕವುಚಿಟ್ಟ ಬಟ್ಟಲು ಇದ್ದವು. ಬಂದ ಗಿರಾಕಿಗೆಲ್ಲ ಚಹಾ ಕೊಡುವ ಅಂಗಡಿ ಅದು. ಬಟ್ಟಲು ಕವುಚಿಕೊಂಡೇ ಇತ್ತು.

“ಶಹ್ಲಾ ಬಂಗಾರದಂಥ ಹುಡುಗಿ, ಖೋಲಾ.”

“ಇದನ್ನ ಹೇಳೋಕೆ ಇಲ್ಲಿವರೆಗೂ ಬಂದ್ಯಾ?”

“ಹೌದು.”

“ನಿನ್ನೆ ಕೇಳಿದಾಗ ಬಾಯಿ ಹೊಲ್ಕೊಂಡಿದ್ದೆ. ಇವತ್ತು ಕೇಳದೇನೇ ಓಡಿ ಬಂದಿದೀಯ. ನಾನು ಯಾವುದನ್ನ ನಂಬ್ಲಿ, ಹೇಳು.”

“ನಿನ್ನೆ ನಾನು ಸರಿಯಾದ ಮಾತು ಹುಡುಕ್ತಿದ್ದೆ.”

“ಅಯ್ಯೋ ನನ್ನ ಮಗಳೇ!” ಮಾಸ್ತುರಾ ಖೋಲಾ ನಕ್ಕಳು, ಕಹಿಯಾಗಿ ಏನೂ ಅಲ್ಲ. “ಹುಡುಕೋದು ಯಾವಾಗ? ಮುಚ್ಚಿಡೋದು ಇದ್ದಾಗ. ನಾನೂ ನಾಲ್ಕು ಮನೆಗೆ ಹೋಗಿ ಕೇಳಿದವಳು, ನನ್ನ ಹತ್ರಾನೂ ನಾಲ್ಕು ಜನ ಬಂದು ಕೇಳಿದಾರೆ. ಜೊತೆಗೆ ಬಟ್ಟಲು ಬೇರೆ ತುಂಬಿಸಿ ಕೈಗೆ ಕೊಟ್ಟೆ. ನನ್ನ ತಂಗಿ ದಾರಿಯುದ್ದಕ್ಕೂ ಅದನ್ನೇ ಅಂದ್ಲು: ಪಾಪ, ಗೆಳತಿ ಮೇಲೆ ಚಾಡಿ ಹೇಳೋಕೆ ಇಷ್ಟ ಇಲ್ಲ, ಅದಕ್ಕೆ ನಮ್ಮನ್ನ ಎಬ್ಬಿಸಿ ಕಳಿಸಿದ್ಲು ಹುಡುಗಿ, ಅಂತ.”

ಹೀಗೆ. ತನ್ನ ಕೇಡನ್ನು ಅವರು ತನ್ನ ಒಳ್ಳೆಯತನದ ಲೆಕ್ಕಕ್ಕೆ ಬರೆದುಕೊಂಡಿದ್ದರು. ಸುಮ್ಮನಿದ್ದುಬಿಟ್ಟರೆ ಆ ಲೆಕ್ಕ ಹಾಗೇ ಉಳಿಯುತ್ತದೆ. ಪಕ್ಕದ ಅಂಗಡಿಯವನು ರೇಡಿಯೋ ಹಚ್ಚಿದ. ಒಬ್ಬಳು ಹೆಂಗಸು ಮೊಣಕೈಯಿಂದ ತಳ್ಳಿಕೊಂಡು ಮುಂದೆ ಹೋದಳು. ಸುರಯ್ಯಾಳ ಬಾಯಿಂದ ಮಾತು ಬಂದದ್ದು ಅವಳಿಗೇ ಹೊರಗಿನಿಂದ ಕೇಳಿಸಿತು.

“ಅವಳಲ್ಲಿ ಏನೂ ಕೊರತೆ ಇಲ್ಲ ಖೋಲಾ. ಅವಳು ಹೊರಟುಹೋದ್ರೆ ನನಗೆ ಯಾರೂ ಇಲ್ಲ. ಅದಕ್ಕೇ ಕೈ ಹಾಗೆ ಮಾಡ್ತು.”

ಮಡಿಸಿದ ಬಟ್ಟೆ ಮಾಸ್ತುರಾ ಖೋಲಾಳ ತೊಡೆಯ ಮೇಲೆ ಹಾಗೇ ಉಳಿಯಿತು. ಅವಳು ಸುರಯ್ಯಾಳನ್ನು ನೋಡಿದಳು, ಬಟ್ಟೆಯ ಎಳೆ ನೋಡುವವರ ಹಾಗೆ. ಆಮೇಲೆ ಕೂರಲು ಜಾಗ ತೋರಿಸಿ, ಇನ್ನೂ ಬಟ್ಟಲಿಗೆ ಕೈ ಹಾಕದೆ, ಒಂದೇ ಸಮನೆ ಕೇಳತೊಡಗಿದಳು.

“ಬೆಳಿಗ್ಗೆ ಬೇಗ ಎದ್ದು ಬಾಗಿಲ ಮುಂದೆ ಗುಡಿಸಿ ನೀರು ಹಾಕ್ತಾಳಾ?”

“ಹಾಕ್ತಾಳೆ.”

“ಹಿಟ್ಟು ಹದ ಬರುತ್ತಾ?”

“ಬರುತ್ತೆ.”

“ದೊಡ್ಡೋರಿಗೆ ಎದುರು ಮಾತು?”

“ಇಲ್ಲ.”

ತೂಗಲಿಲ್ಲ, ಹುಡುಕಲಿಲ್ಲ, ಕೇಳಿದ್ದು ಮುಗಿಯುವ ಮೊದಲೇ ಹೇಳಿದಳು. ಎಷ್ಟು ಸುಲಭ ಎಂದು ಬೆರಗಾಯಿತು. ಒಂದೊಂದು ಉತ್ತರಕ್ಕೂ ಆ ಹಳದಿ ಬಟ್ಟೆಯ ಮೇಲೆ ಒಬ್ಬಳು ಹುಡುಗಿ ಸ್ವಲ್ಪ ಸ್ವಲ್ಪವಾಗಿ ಎದ್ದು ಕೂರುತ್ತಿದ್ದಳು: ಬೇಗ ಏಳುವವಳು, ಅಚ್ಚುಕಟ್ಟಾದವಳು, ತಗ್ಗಿದ ದನಿಯವಳು. ಅರ್ಧ ಗುಡಿಸಿ ಪೊರಕೆಯನ್ನೇ ಹಿಡಿದು ಕುಣಿಯುವ ಶಹ್ಲಾ ಅಲ್ಲ, ಯಾರೋ. ಇವಳನ್ನು ಒಯ್ಯುತ್ತೇವೆಂದು ಬಂದು ಶಹ್ಲಾಳನ್ನು ಒಯ್ಯುತ್ತಾರೆ, ಅಲ್ಲಿ ಹೋಗಿ ಶಹ್ಲಾ ದಿನವೂ ಇವಳಾಗಬೇಕು.

“ತುಂಬಾ ಗಟ್ಟಿಯಾಗಿ ನಗ್ತಾಳಂತೆ? ನಿಮ್ಮ ಓಣಿಯವರೇ ಒಬ್ರು ಅಂದ್ರು.”

ಇಲ್ಲ ಎನ್ನಬೇಕಿತ್ತು. ತುಟಿ ಅದಕ್ಕೇ ತೆರೆದಿತ್ತು. ಬೆಳಿಗ್ಗೆ ಬಾಯಿಗೆ ಅಡ್ಡ ಬಂದ ಆ ಕೈ, ಅಂಟು ಬೆರಳುಗಳ ಸಂದಿ, ಅಲ್ಲಿಂದ ನೋಡಿದ ಕಣ್ಣು. ಮತ್ತೆ ನಿನ್ನೆಯದೇ ಮೌನ ಬಂದು ನಡುವೆ ಕೂತಿತು, ಅದು ಬೆಳೆಯುವುದು ಮಾಸ್ತುರಾ ಖೋಲಾಳ ಮುಖದಲ್ಲಿ ಕಾಣುತ್ತಿತ್ತು, ಅದನ್ನು ಬಲ್ಲ ಮುಖ.

“ನಗ್ತಾಳೆ,” ಎಂದಳು ಸುರಯ್ಯಾ. “ಗಟ್ಟಿಯಾಗೇ ನಗ್ತಾಳೆ ಖೋಲಾ, ಗೋಡೆ ದಾಟಿ ನಮ್ಮನೆಗೆ ಕೇಳುತ್ತೆ. ಬಾಯಿಗೆ ಕೈ ಇಟ್ಕೊಳಲ್ಲ. ಅಂಗಳಾನೂ ಪೂರ್ತಿ ಗುಡಿಸಲ್ಲ, ನಾನು ಈಗ ಸುಳ್ಳು ಹೇಳ್ದೆ. ಆದ್ರೆ ಆ ನಗು ಒಂದಿನ ಕೇಳಿಸ್ದೆ ಹೋದ್ರೆ ನನಗೆ ಇಂಥ ದಿನ ಬೇಡ ಅನ್ಸುತ್ತೆ.”

ಹೇಳಿ ಮುಗಿಸಿ ಅವಳು ತನ್ನ ನೀಲಿ ಅಂಗೈ ನೋಡುತ್ತಾ ಕೂತಳು. ಎಲ್ಲ ಕೆಡಿಸಿದೆ, ಎಂದುಕೊಂಡಳು, ಎರಡನೇ ಸಲ ಕೆಡಿಸಿದೆ. ಕವುಚಿದ ಬಟ್ಟಲು ಮೇಲ್ಮುಖವಾದ ಸದ್ದು ಕೇಳಿಸಿತು. ಚಹಾ ಬಟ್ಟಲಿಗೆ ಬಿತ್ತು, ಮರಳಿ ಕೆಟಲಿಗೆ ಹೋಯಿತು, ಮತ್ತೆ ಬಟ್ಟಲಿಗೆ ಬಿತ್ತು, ಹದಕ್ಕೆ ಬರುವವರೆಗೆ ಹಾಗೇ ಹೋಗಿ ಬಂತು. ಅವಳು ತಲೆ ಎತ್ತಲಿಲ್ಲ. ತುಂಬುವ ಸದ್ದು ಎಷ್ಟು ಹೊತ್ತಿರುತ್ತದೆ ಎಂದು ಕಾಯುತ್ತಿದ್ದಳು. ಅದು ಶುರುವಾದೊಡನೆಯೇ ನಿಂತಿತು. ಕೈಗೆ ಬಂದ ಬಟ್ಟಲಿನ ತಳದಲ್ಲಿ ಬರೆದ ಹತ್ತಿಹೂವು ಮುಳುಗುವಷ್ಟೂ ಚಹಾ ಇರಲಿಲ್ಲ.

“ಕುಡಿ. ಇನ್ನೂ ಇದೆ,” ಎಂದಳು ಮಾಸ್ತುರಾ ಖೋಲಾ. “ನಮ್ಮನೇಲಿ ಎಲ್ಲಾ ಗಂಡಸರು ಮಗಳೇ. ಊಟಕ್ಕೆ ಕೂತ್ರೆ ಚಮಚದ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ನನ್ನ ಮಗ ಆವತ್ತು ಐಸ್‌ಕ್ರೀಂ ಅಂಗಡಿಯಿಂದ ಬಂದು, ‘ಅಮ್ಮ, ಅವಳು ನಕ್ಕಾಗ ಅಂಗಡಿಯವರೆಲ್ಲ ತಿರುಗಿ ನೋಡಿದ್ರು’ ಅಂದ. ದೂರು ಹೇಳ್ತಿದಾನೋ ಏನೋ ಗೊತ್ತಾಗ್ಲಿಲ್ಲ. ಆಮೇಲೆ ಅವನೂ ನಕ್ಕ.” ಬಟ್ಟಲಿಗೆ ಮತ್ತೆ ಒಂದಿಷ್ಟೇ ಹಾಕಿದಳು. “ನಾನು ಇನ್ನೊಂದ್ಸಲ ಬಂದ್ರೆ ಅವಳು ನಿಮ್ಮ ಓಣೀಲಿ ಇರಲ್ಲ. ಗೊತ್ತು ತಾನೇ?”

“ಗೊತ್ತು.”

“ನೀನಿಲ್ಲಿ ಬಂದದ್ದು ನನ್ನ ಹತ್ರಾನೇ ಇರುತ್ತೆ,” ಎಂದು ಆ ಹಳದಿ ಬಟ್ಟೆಯನ್ನು ಬೇರೆ ಬಟ್ಟೆಗಳ ಅಡಿಗೆ ಸೇರಿಸಿಟ್ಟಳು. ಯಾರಿಗೋ ಎತ್ತಿಡುವ ಹಾಗೆ.

ಸಂಜೆ ಸುರಯ್ಯಾ ಜಗಲಿಯ ಮೇಲೆ ನಿಂತು ಚಪ್ಪರದಿಂದ ದ್ರಾಕ್ಷಿ ಕತ್ತರಿಸುತ್ತಿದ್ದಳು. “ಅವರ ಮನೆ ತಟ್ಟೆ ಯಾವತ್ತಿಂದ ಇಲ್ಲೇ ಬಿದ್ದಿದೆ, ನಿನಗೆ ಜ್ಞಾನ ಬೇಡ್ವಾ,” ಎಂದು ಅಮ್ಮ ಒಳಗಿನಿಂದ ಗೊಣಗುತ್ತಿದ್ದಳು. ಹಣ್ಣಿನ ಗೊಂಚಲುಗಳನ್ನು ತಟ್ಟೆಯಲ್ಲಿ ಜೋಡಿಸುತ್ತಾ, ಇದಕ್ಕಿಂತ ದೊಡ್ಡದು ಇದೆಯೇ, ಇದು ಮಾಗಿದೆಯೇ ಎಂದು ತೆಗೆದು ಇಡುತ್ತಾ, ಅವಳು ಬೇಕೆಂದೇ ತಡ ಮಾಡುತ್ತಿದ್ದಳು. ಹಗುರವಾಗಬೇಕಿತ್ತು, ಆಗಿರಲಿಲ್ಲ. ತಪ್ಪನ್ನು ಸರಿಪಡಿಸಿದ್ದೇನೆ, ಎಂದು ತನಗೆ ತಾನೇ ಹೇಳಿಕೊಂಡರೆ, ಯಾರಿಗಾಗಿ ಆ ತಪ್ಪು ಮಾಡಿದೆಯೋ ಅವಳನ್ನೇ ಕೈಯಾರೆ ಕೊಟ್ಟು ಬಂದಿದ್ದೀಯ, ಎಂದು ಇನ್ನೊಂದು ದನಿ ಹೇಳುತ್ತಿತ್ತು. ಎರಡೂ ನಿಜ, ಎರಡರ ನಡುವೆ ಗೆರೆ ಎಳೆಯಲು ಕೈ ಬರಲಿಲ್ಲ.

ಸಣ್ಣ ಬಾಗಿಲು ಗೋಡೆಗೆ ಬಡಿಯಿತು. ಶಹ್ಲಾ ಬಗ್ಗುವುದನ್ನು ಮರೆತು ಹಣೆ ತಾಗಿಸಿಕೊಂಡು ಒಳಗೆ ಬಂದಳು, ಹಣೆ ಉಜ್ಜಿಕೊಳ್ಳುತ್ತಲೇ ಕೂಗಿದಳು.

“ಬರ್ತಾರಂತೆ ಕಣೇ! ನಾಳಿದ್ದು, ರೊಟ್ಟಿ ಮುರಿದು ಮಾತು ಗಟ್ಟಿ ಮಾಡೋಕೆ! ಅವರಮ್ಮ ಫೋನ್ ಮಾಡಿ ಏನೋ ಅವಸರದಲ್ಲಿ ತಪ್ಪಾಯ್ತು ಅಂದ್ಲು. ಅಮ್ಮ ಈಗ ಏನು ಹೇಳ್ತಾಳೆ ಗೊತ್ತಾ? ಕುಮ್ರಿ ಖೋಲಾನೇ ಹೋಗಿ ಒಳ್ಳೆ ಮಾತು ಆಡಿರಬೇಕಂತೆ! ಬೆಳಿಗ್ಗೆ ಶಾಪ ಹಾಕಿದ ಬಾಯಲ್ಲೇ ಈಗ ದುವಾ ಕೇಳ್ತಿದಾಳೆ, ಅವಳ ಮನೆಗೆ ಪುಲಾವ್ ಕಳಿಸ್ತಾಳಂತೆ, ಮೇಲೆ ಮಾಂಸ ಇಟ್ಟು.”

“ಒಳ್ಳೇದಾಯ್ತು.”

“ಅಷ್ಟೇನಾ? ‘ಒಳ್ಳೇದಾಯ್ತು’. ಪರೀಕ್ಷೆಗೆ ಮಾರ್ಕ್ಸ್ ಹಾಕಿದ ಹಾಗೆ.” ಶಹ್ಲಾ ಹತ್ತಿರ ಬಂದು ಅವಳ ಮುಖಕ್ಕೆ ಮುಖ ಇಟ್ಟು ನೋಡಿದಳು. ಸುರಯ್ಯಾ ದ್ರಾಕ್ಷಿ ತುಂಬಿದ ತಟ್ಟೆಯನ್ನು ಅವಳ ಎರಡೂ ಕೈಗೆ ಕೊಟ್ಟುಬಿಟ್ಟಳು. “ಯಾಕೇ ಮುಖ ಹೀಗಿದೆ? ಏನು, ಹೊಟ್ಟೆಕಿಚ್ಚಾ?”

ಇದಕ್ಕೆ ಓಣಿಯಲ್ಲಿ ‘ಹೊಟ್ಟೆಕಿಚ್ಚಲ್ಲ, ಹವಸ್’ ಎಂಬ ಸಿದ್ಧ ಉತ್ತರವಿತ್ತು, ಚಿಕ್ಕ ಮಕ್ಕಳಿಗೂ ಬಾಯಿಪಾಠ. ಅದಲ್ಲದೆ ಇನ್ನೊಂದು ಮಾತೂ ಇತ್ತು, ಇವತ್ತು ಬೆಳಿಗ್ಗೆ ಸಿಕ್ಕದ್ದು, ಬಲಗಡೆಯದು, ಸರಿಯಾದದ್ದು.

“ಹೌದು,” ಎಂದಳು ಸುರಯ್ಯಾ, ಕೇಳಿದ್ದು ಮುಗಿಯುವ ಮೊದಲೇ.

ಶಹ್ಲಾ ನಕ್ಕಳು. ಬಾಯಿಗೆ ಅಡ್ಡ ತರಲು ಹೊರಟ ಕೈಗಳಲ್ಲಿ ತಟ್ಟೆ ಇತ್ತು. ತಟ್ಟೆಯ ಸಮೇತ ಬಾಗಿ, ಗೊಂಚಲೊಂದು ಕೆಳಗುರುಳಿದರೂ ನಿಲ್ಲಿಸಲಾರದೆ, ಕುತ್ತಿಗೆ ಹಿಂದಕ್ಕೆ ಚೆಲ್ಲಿ ನಕ್ಕಳು. ಗೋಡೆಯಾಚೆ ಕುಮ್ರಿ ಖೋಲಾಳ ಮನೆಯ ಕಿಟಕಿ ತೆರೆದ ಸದ್ದಾಯಿತು. ನಗುತ್ತಲೇ ಶಹ್ಲಾ ಬಗ್ಗಿ ಬಾಗಿಲು ದಾಟಿದಳು, ನಗು ಅವಳ ಹಿಂದೆ ಅಂಗಳದುದ್ದಕ್ಕೂ ಹೋಯಿತು, ಒಳಮನೆಗೆ ಹೋಯಿತು. ಸುರಯ್ಯಾ ಬಾಗಿಲು ಹಾಕಲು ಹೋದವಳು, ಅದು ಪೂರ್ತಿ ಕೇಳಿಸದಾಗುವವರೆಗೂ ಚಿಲಕ ಹಿಡಿದುಕೊಂಡು ಅಲ್ಲೇ ನಿಂತಳು.